ಮನೆಯ ಚಾವಣಿ ಬದಲಾವಣೆ: ವೆಚ್ಚ ಏರುವುದೆಲ್ಲಿ, ಇಳಿಯುವುದೆಲ್ಲಿ?

ಮಂಡ್ಯ: ಏಪ್ರಿಲ್–ಮೇ ತಿಂಗಳ ಸಂಜೆಯ ಗಾಳಿಮಳೆಗೆ ನಾಲ್ಕು ಹೆಂಚು ಜಾರಿ ಬೀಳುತ್ತವೆ. ಹಸ್ತ, ಚಿತ್ತಾ ಮಳೆ ಹಿಡಿದಾಗ ತೊಟ್ಟಿ ಮನೆಯ ಜಂತೆಯೊಂದು ಬಾಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ನೆಲೆಸಿರುವ ಮಕ್ಕಳಿಗೆ ಊರಿನಿಂದ ಕರೆ ಬರುವುದು ಇಂತಹ ಹೊತ್ತಿನಲ್ಲಿಯೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಅನೇಕ ಹಳೆಯ ಮನೆಗಳಲ್ಲಿ ಇಂದು ವಾಸವಿರುವವರು ವಯಸ್ಸಾದ ತಂದೆ ತಾಯಿ ಮಾತ್ರ. ಚಾವಣಿ ಬದಲಿಸಬೇಕೆಂಬ ಬಗ್ಗೆ ಮನೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಭಿನ್ನಾಭಿಪ್ರಾಯ ಹುಟ್ಟುವುದು ‘ಎಷ್ಟಾಗುತ್ತದೆ’ ಎಂಬ ಪ್ರಶ್ನೆಯಿಂದ.

ಒಂದೇ ಮನೆಯನ್ನು ನೋಡಿದ ಇಬ್ಬರು ಮೇಸ್ತ್ರಿಗಳು ಹೇಳುವ ಮೊತ್ತದಲ್ಲಿ ಅಜಗಜಾಂತರ ಇರುವುದುಂಟು. ಇದನ್ನು ಕೂಡಲೇ ಮೋಸವೆಂದು ಭಾವಿಸಬೇಕಾಗಿಲ್ಲ. ಒಬ್ಬರು ಹೊಸ ಚಾವಣಿಯನ್ನು ಮಾತ್ರ ಲೆಕ್ಕ ಹಾಕಿರುತ್ತಾರೆ. ಮತ್ತೊಬ್ಬರು ಹಳೆಯದನ್ನು ಇಳಿಸುವ ಕೂಲಿ, ಗೋಡೆಗೆ ಕೊಡಬೇಕಾದ ಬಲ, ಮಣ್ಣು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ಎಲ್ಲವನ್ನೂ ಸೇರಿಸಿರುತ್ತಾರೆ. ಚಾವಣಿಯ ವೆಚ್ಚ ಯಾವ ಯಾವ ಅಂಶಗಳನ್ನು ಅವಲಂಬಿಸಿದೆ ಎಂಬುದನ್ನು ತಿಳಿದರೆ ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯ.

ಮನೆಯ ಚದರ ಬೇರೆ, ಸೂರಿನ ಚದರ ಬೇರೆ

ರಾಜ್ಯದಲ್ಲಿ ಕಟ್ಟಡದ ಅಳತೆಯನ್ನು ಇಂದಿಗೂ ‘ಚದರ’ದಲ್ಲಿ ಹೇಳುವುದು ರೂಢಿ. ಒಂದು ಚದರವೆಂದರೆ 100 ಚದರ ಅಡಿ. 40 ಅಡಿ ಉದ್ದ, 25 ಅಡಿ ಅಗಲದ ಮನೆ 10 ಚದರ. ಆದರೆ ಆ ಮನೆಯ ಇಳಿಜಾರು ಸೂರು 10 ಚದರವಲ್ಲ. ಗೋಡೆಯಿಂದ ಸುತ್ತಲೂ 2 ಅಡಿ ಸೂರು ಹೊರಚಾಚಿದರೆ ಅಳತೆ 44 ಅಡಿಗೆ 29 ಅಡಿ, ಅಂದರೆ 1,276 ಚದರ ಅಡಿ ಆಗುತ್ತದೆ. ಹೆಂಚಿನ ಮನೆಗೆ 30 ಡಿಗ್ರಿಯಷ್ಟು ಇಳಿಜಾರು, ಅಂದರೆ ಒಂದು ಅಡಿಗೆ ಸುಮಾರು ಏಳು ಅಂಗುಲ ಏರಿಕೆ ಕೊಟ್ಟರೆ ಹೊದಿಕೆಯ ವಿಸ್ತೀರ್ಣ 1,470 ಚದರ ಅಡಿಯನ್ನು ಮುಟ್ಟುತ್ತದೆ. ಮಾಲೀಕರು 10 ಚದರವೆಂದು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ, ಕೆಲಸಗಾರರು ಸುಮಾರು 15 ಚದರಕ್ಕೆ ಹಣ ಕೇಳುತ್ತಾರೆ. ಇಬ್ಬರ ಲೆಕ್ಕವೂ ಸರಿಯೇ. ಜಗಳ ಮಾತ್ರ ತಪ್ಪುವುದಿಲ್ಲ. ಆದ್ದರಿಂದ ದರ ಮಾತನಾಡುವಾಗ ನೆಲದ ಅಳತೆಗೋ, ಹೊದಿಕೆಯ ಅಳತೆಗೋ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳಿತು.

ಸೂರಿನ ಆಕಾರವೂ ಮುಖ್ಯ. ಎರಡು ಕಡೆ ಇಳಿಜಾರಿರುವ ನೇರ ಮನೆಗೆ ಖರ್ಚು ಕಡಿಮೆ. ನಡುವೆ ಬಯಲು ಬಿಟ್ಟು ನಾಲ್ಕೂ ಕಡೆಯಿಂದ ಒಳಮುಖವಾಗಿ ಇಳಿಯುವ ತೊಟ್ಟಿ ಮನೆಗೆ ಖರ್ಚು ಹೆಚ್ಚು. ಅಲ್ಲಿ ಎರಡು ಇಳಿಜಾರು ಕೂಡುವ ನಾಲ್ಕು ಮೂಲೆಗಳಲ್ಲಿಯೂ ಹೆಂಚು ಕತ್ತರಿಸಬೇಕು, ತಗಡಿನ ದೋಣಿ ಕೂರಿಸಬೇಕು. ಸೋರಿಕೆ ಆರಂಭವಾಗುವುದು ಸಾಮಾನ್ಯವಾಗಿ ಇದೇ ಮೂಲೆಗಳಿಂದ. ಇಲ್ಲಿ ನುರಿತ ಕೈ ಬೇಕು, ನುರಿತ ಕೈಗೆ ಕೂಲಿಯೂ ಹೆಚ್ಚು.

ಈಗಿರುವ ಚಾವಣಿ ಯಾವುದು?

ಹಳೆಯ ಚಾವಣಿಯನ್ನು ಇಳಿಸುವ ಖರ್ಚನ್ನು ಬಹುತೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಣುವ ಚಾವಣಿಗಳು ಒಂದೇ ಬಗೆಯವಲ್ಲ. ನಾಡಹೆಂಚು, ಮಂಗಳೂರು ಹೆಂಚು, ಕಲ್ಲು ಚಪ್ಪಡಿ, ಕಲ್ನಾರು ಶೀಟು, ಸುಣ್ಣ–ಇಟ್ಟಿಗೆಯ ಹಳೆಯ ಮದರಾಸು ತಾರಸಿ ಹಾಗೂ ಮೂರು ನಾಲ್ಕು ದಶಕಗಳ ಹಿಂದೆ ಹಾಕಿದ ಆರ್‌ಸಿಸಿ, ಇವೆಲ್ಲವೂ ಇಲ್ಲಿವೆ. ಒಂದೊಂದನ್ನು ಇಳಿಸುವ ಬಗೆಯೂ ಖರ್ಚೂ ಬೇರೆ ಬೇರೆ.

ಮಂಗಳೂರು ಹೆಂಚನ್ನು ಇಳಿಸುವುದು ಸುಲಭ, ಅದರಿಂದ ಹಣ ಹಿಂದಿರುಗುವ ಸಾಧ್ಯತೆಯೂ ಇದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹೆಂಚು, ಕೆಡದಂತೆ ಇಳಿಸಿದರೆ ಮರುಬಳಕೆಗೆ ಯೋಗ್ಯ. ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯಂತೆ ಖಣ್ ಎಂದರೆ ಹೆಂಚು ಗಟ್ಟಿ, ಮಂಕಾದ ಸದ್ದು ಬಂದರೆ ಒಳಗೆ ಬಿರುಕಿದೆ ಎಂದು ಅರ್ಥ. ಹೀಗೆ ಆಯ್ದ ಹಳೆಯ ಹೆಂಚನ್ನೇ ಹೊಸ ಮರದ ಮೇಲೆ ಹೊದಿಸಿದರೆ ಸಾಮಗ್ರಿ ವೆಚ್ಚ ಗಣನೀಯವಾಗಿ ತಗ್ಗುತ್ತದೆ. ನಾಡಹೆಂಚಿಗೆ ಈ ಲಾಭವಿಲ್ಲ. ತೆಳುವಾದ ಆ ಹೆಂಚು ಇಳಿಸುವಾಗಲೇ ಒಡೆಯುವುದು ಹೆಚ್ಚು.

ನಾಗಮಂಗಲ ಸೀಮೆ ಹಾಗೂ ಮೇಲುಕೋಟೆಯ ಹಳೆಯ ಮನೆಗಳಲ್ಲಿ ಕಂಡುಬರುವ ಕಲ್ಲು ಚಪ್ಪಡಿಯ ಮಾತೇ ಬೇರೆ. ಎರಡೂವರೆ ಅಂಗುಲ ದಪ್ಪದ ಕಲ್ಲಾದರೆ ಒಂದು ಚದರ ಮೀಟರ್‌ಗೆ ಸುಮಾರು 170 ಕಿಲೋ ತೂಗುತ್ತದೆ. 10 ಚದರದ ಮನೆಯ ಮೇಲೆ ಕಲ್ಲಿನ ಭಾರವೇ 15 ಟನ್ ದಾಟುತ್ತದೆ. ಅದರ ಮೇಲಿನ ಮಣ್ಣು, ಗಾರೆ ಬೇರೆ. ಇದನ್ನು ಒಂದೊಂದಾಗಿ ಹಗ್ಗ, ಕಂಬಗಳ ಆಸರೆಯಲ್ಲಿ ಇಲ್ಲವೇ ಯಂತ್ರದಿಂದ ಇಳಿಸಬೇಕು. ಕೂಲಿ ಹೆಚ್ಚು, ಅಪಾಯವೂ ಹೆಚ್ಚು. ಆದರೆ ಮುರಿಯದ ಚಪ್ಪಡಿಯನ್ನು ಅಂಗಳಕ್ಕೆ ಹಾಸಲು, ಬೇಲಿಗೆ, ಚರಂಡಿ ಮುಚ್ಚಲು ಕೊಳ್ಳುವವರಿದ್ದಾರೆ. ಇಳಿಸುವ ಮೊದಲೇ ಚಪ್ಪಡಿ ಯಾರಿಗೆ ಸೇರತಕ್ಕದ್ದು, ಮಾಲೀಕರಿಗೋ ಗುತ್ತಿಗೆದಾರರಿಗೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ತೊಲೆ, ಕಂಬ, ಬಾಗಿಲುವಾಡದ ಹಳೆಯ ಮರಕ್ಕೂ ಇದೇ ಮಾತು ಅನ್ವಯಿಸುತ್ತದೆ. ತೇಗ, ಹೊನ್ನೆಯ ಹಳೆಯ ತೊಲೆಗಳ ಬೆಲೆ ಅರಿಯದೆ ‘ಸೌದೆ’ಯ ಲೆಕ್ಕದಲ್ಲಿ ಬಿಟ್ಟುಕೊಟ್ಟವರು ನಂತರ ಪರಿತಪಿಸಿದ್ದುಂಟು.

ಕಲ್ನಾರು ಶೀಟಿನ ವಿಷಯದಲ್ಲಿ ಹಣಕ್ಕಿಂತ ಆರೋಗ್ಯ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಗಟ್ಟಿಯಾಗಿರುವ ಶೀಟು ತಾನಾಗಿ ಧೂಳು ಬಿಡುವುದು ಕಡಿಮೆ. ಒಡೆದಾಗ, ಗರಗಸದಿಂದ ಕೊಯ್ದಾಗ ಹೊರಬೀಳುವ ಎಳೆಗಳು ಶ್ವಾಸಕೋಶ ಸೇರುತ್ತವೆ. ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಮೇಲಿನಿಂದ ಎಸೆಯಬಾರದು, ಚೂರುಗಳನ್ನು ಪೊರಕೆಯಿಂದ ಒಣದಾಗಿ ಗುಡಿಸಬಾರದು. ಕೆಲಸಗಾರರಿಗೆ ಸೂಕ್ತ ಮುಖಗವಸು ಕೊಡಬೇಕು. ಹಳೆಯ ಶೀಟಿನ ಮೇಲೆ ನೇರವಾಗಿ ಕಾಲಿಟ್ಟು ಕುಸಿದು ಬೀಳುವ ಅಪಾಯವೂ ಇರುವುದರಿಂದ ಹಲಗೆ ಹಾಸಿಯೇ ನಡೆಯಬೇಕು. ಇದಕ್ಕೆ ಒಂದೆರಡು ದಿನ ಹೆಚ್ಚು ಹಿಡಿಯುತ್ತದೆ. ಆ ಕೂಲಿಯನ್ನು ಉಳಿಸಲು ಹೋಗುವುದು ಜಾಣತನವಲ್ಲ.

ಗೋಡೆ ಹೊರುವುದೇ?

ಇಡೀ ಲೆಕ್ಕವನ್ನೇ ತಲೆಕೆಳಗು ಮಾಡುವ ಪ್ರಶ್ನೆ ಇದು. ಹೆಂಚಿನ ಮನೆಯನ್ನು ‘ಮೋಲ್ಡ್ ಮನೆ’ ಮಾಡಿಸಬೇಕೆಂಬ ಆಸೆ ಎಲ್ಲೆಡೆ ಇದೆ. ಆದರೆ ಹಳೆಯ ಮನೆಯ ಗೋಡೆ ಸಾಮಾನ್ಯವಾಗಿ ಮಣ್ಣಿನದು, ಹಸಿ ಇಟ್ಟಿಗೆಯದು ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನದು. ಅವು ಹಗುರ ಸೂರನ್ನು ಹೊರುವುದಕ್ಕಾಗಿಯೇ ಕಟ್ಟಿದಂಥವು.

ತೂಕದ ಲೆಕ್ಕ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೇಲೆ ಹೇಳಿದ 10 ಚದರದ ಮನೆಗೆ ಸುಮಾರು 2,050 ಮಂಗಳೂರು ಹೆಂಚು ಬೇಕು. ಹೆಂಚೊಂದಕ್ಕೆ ಎರಡೂವರೆ ಕಿಲೋ ಹಿಡಿದರೆ ಒಟ್ಟು 5 ಟನ್. ಅದೇ ಮನೆಗೆ 5 ಅಂಗುಲ ದಪ್ಪದ ಆರ್‌ಸಿಸಿ ಹಾಕಿದರೆ ಕಾಂಕ್ರೀಟಿನ ತೂಕವೇ 29 ಟನ್ ಮೀರುತ್ತದೆ. ಹೆಂಚಿನ ಸೂರಿನ ಮರಮುಟ್ಟು ಸೇರಿಸಿದರೂ ಅದು ಕಾಂಕ್ರೀಟಿನ ಮೂರನೇ ಒಂದು ಭಾಗ ದಾಟುವುದು ಅಪರೂಪ. 0.5 ಮಿ.ಮೀ. ದಪ್ಪದ ಲೋಹದ ಶೀಟಾದರೆ 600 ಕಿಲೋ ಆಸುಪಾಸು, ಕಬ್ಬಿಣದ ಚೌಕಟ್ಟು ಬೇರೆ.

ಹೀಗಾಗಿ ಮಣ್ಣಿನ ಗೋಡೆಯ ಮೇಲೆ ನೇರವಾಗಿ ಆರ್‌ಸಿಸಿ ಹಾಕುವುದು ಪ್ರಾಣಾಪಾಯಕ್ಕೆ ಆಹ್ವಾನವಿತ್ತಂತೆ. ಮಳೆಗಾಲದಲ್ಲಿ ಗೋಡೆಯ ಬುಡ ನೆನೆದು ಮೆತ್ತಗಾದಾಗ ಮೇಲಿನ ಭಾರ ಇಡಿಯಾಗಿ ಕೆಳಗೆ ಬರುತ್ತದೆ. ವಿಶ್ವೇಶ್ವರಯ್ಯ ನಾಲೆ ಹಾಗೂ ಹೇಮಾವತಿ ನಾಲೆಗಳ ಅಚ್ಚುಕಟ್ಟಿನಲ್ಲಿ ಗದ್ದೆ ಬಯಲಿಗೆ ಅಂಟಿಕೊಂಡಿರುವ ಮನೆಗಳಲ್ಲಿ ಗೋಡೆಯ ತಳದ ತೇವವನ್ನು ಮೊದಲು ಪರೀಕ್ಷಿಸಬೇಕು. ಆರ್‌ಸಿಸಿಯೇ ಬೇಕೆಂದರೆ ತಳಪಾಯದಿಂದ ಕಂಬ, ತೊಲೆ ಎಬ್ಬಿಸಬೇಕು. ಆಗ ಅದು ಚಾವಣಿ ಬದಲಾವಣೆಯಾಗಿ ಉಳಿಯುವುದಿಲ್ಲ, ಹೊಸ ಮನೆ ಕಟ್ಟುವುದಕ್ಕೆ ಹತ್ತಿರವಾಗುತ್ತದೆ. ಚಾವಣಿಗೆಂದು ಹಣ ಹೊಂದಿಸಿಕೊಂಡು ಕೆಲಸ ಆರಂಭಿಸಿ, ಗೋಡೆಯೂ ಬೀಳಿಸಬೇಕಾಗಿ ಬಂದು ಅರ್ಧಕ್ಕೆ ನಿಂತ ಮನೆಗಳ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಕಾರಣ. ಕೆಲಸಕ್ಕೆ ಮುನ್ನ ಸಿವಿಲ್ ಎಂಜಿನಿಯರ್ ಒಬ್ಬರಿಂದ ಗೋಡೆ, ತಳಪಾಯ ನೋಡಿಸಲು ಕೊಡುವ ಶುಲ್ಕ ಈ ನಷ್ಟದ ಮುಂದೆ ಅಲ್ಪ.

ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಜಂಟಿ ಗೋಡೆ ಇದ್ದರೆ ಮತ್ತೊಂದು ಎಚ್ಚರಿಕೆ ಅಗತ್ಯ. ಒಂದು ಕಡೆಯ ತೊಲೆ ಕಿತ್ತಾಗ ಇನ್ನೊಂದು ಕಡೆಯ ಸೂರು ಸಡಿಲವಾಗಬಹುದು. ಊರ ಬೀದಿಯ ಸಾಲುಮನೆಗಳಲ್ಲಿ ಇದು ಸಾಮಾನ್ಯ. ನೆರೆಯವರ ಒಪ್ಪಿಗೆ ಹಾಗೂ ಅವರ ಕಡೆಯ ದುರಸ್ತಿಯ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು.

ಸಾಮಗ್ರಿಯ ಲೆಕ್ಕ

ಭಾರತೀಯ ಮಾನಕ ಸಂಹಿತೆಯ ಪ್ರಕಾರ ಆರ್‌ಸಿಸಿ ಕೆಲಸಕ್ಕೆ ಕನಿಷ್ಠ ಎಂ–20 ದರ್ಜೆಯ ಕಾಂಕ್ರೀಟ್ ಬಳಸಬೇಕು. 10 ಚದರ, 5 ಅಂಗುಲ ದಪ್ಪದ ಚಾವಣಿಗೆ ಸುಮಾರು 417 ಘನ ಅಡಿ ಕಾಂಕ್ರೀಟ್ ಹಿಡಿಯುತ್ತದೆ. ಇದಕ್ಕೆ ಸ್ಥೂಲವಾಗಿ 95 ಚೀಲ ಸಿಮೆಂಟ್, 900ರಿಂದ 1,000 ಕಿಲೋ ಕಬ್ಬಿಣ, 175 ಘನ ಅಡಿ ಮರಳು, 350 ಘನ ಅಡಿ ಜಲ್ಲಿ ಬೇಕಾಗುತ್ತದೆ. ತೊಲೆ, ಸಜ್ಜಾ, ಪ್ಯಾರಾಪೆಟ್ ಇದರಲ್ಲಿ ಸೇರಿಲ್ಲ. ಕೋಣೆಯ ಅಗಲ ಹೆಚ್ಚಾದಂತೆ ಚಾವಣಿಯ ದಪ್ಪ ಮತ್ತು ಕಬ್ಬಿಣ ಹೆಚ್ಚುತ್ತವೆ. ಹೀಗಾಗಿ ದೊಡ್ಡ ಪಡಸಾಲೆಯ ಮನೆಗೂ ಸಣ್ಣ ಕೋಣೆಗಳ ಮನೆಗೂ ಚದರದ ದರ ಒಂದೇ ಆಗಿರುವುದಿಲ್ಲ.

ಬೆಲೆ ಏರಿಳಿತ ಎಷ್ಟರಮಟ್ಟಿಗೆ ತಟ್ಟುತ್ತದೆ ಎಂಬುದನ್ನು ಈ ಪ್ರಮಾಣದಿಂದಲೇ ಅಂದಾಜಿಸಬಹುದು. ಕಬ್ಬಿಣ ಕಿಲೋಗೆ 5 ರೂಪಾಯಿ ಏರಿದರೆ 950 ಕಿಲೋಗೆ 4,750 ರೂಪಾಯಿ ಹೆಚ್ಚುತ್ತದೆ. ಸಿಮೆಂಟ್ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ತೆರಿಗೆ ಹೊರತಾದ ಬೆಲೆ ಚೀಲಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೆ, ಈ ಇಳಿಕೆಯಿಂದ ಚೀಲಕ್ಕೆ 30 ರೂಪಾಯಿಯಂತೆ 95 ಚೀಲಕ್ಕೆ 2,850 ರೂಪಾಯಿ ಉಳಿಯುತ್ತದೆ. ಅಂದರೆ ಸಾಮಗ್ರಿಯ ಬೆಲೆಯಲ್ಲಿ ನಾಲ್ಕಾರು ರೂಪಾಯಿ ಚೌಕಾಸಿಯಿಂದ ಉಳಿಯುವ ಹಣಕ್ಕಿಂತ, ಗೋಡೆಯ ಸ್ಥಿತಿಯನ್ನು ತಪ್ಪಾಗಿ ಅಂದಾಜಿಸಿದ್ದರಿಂದ ಹೋಗುವ ಹಣವೇ ಹೆಚ್ಚು.

ಹೆಂಚಿನ ಚಾವಣಿಯಲ್ಲಿ ಹೆಂಚಿಗಿಂತ ಮರದ್ದೇ ದೊಡ್ಡ ಖರ್ಚು. ಗೆದ್ದಲು ಹಿಡಿದ ಜಂತೆ, ರೀಪರ್ ಪಟ್ಟಿಗಳನ್ನು ಪೂರ್ತಿ ಬದಲಿಸಬೇಕೋ, ಆಯ್ದು ಬದಲಿಸಿದರೆ ಸಾಕೋ ಎಂಬುದು ಹೆಂಚು ಇಳಿಸಿದ ಮೇಲೆಯೇ ತಿಳಿಯುವ ಸಂಗತಿ. ಅಂದಾಜಿಗಿಂತ ಸ್ವಲ್ಪ ಹೆಚ್ಚು ಹಣ ಕೈಯಲ್ಲಿ ಇಟ್ಟುಕೊಂಡಿರುವುದು ಲೇಸು. ಮರಕ್ಕೆ ಬದಲಾಗಿ ಕಬ್ಬಿಣದ ಕೊಳವೆಗಳ ಚೌಕಟ್ಟು ಮಾಡಿಸಿ ಅದರ ಮೇಲೆ ಹೆಂಚು ಇಲ್ಲವೇ ಬಣ್ಣದ ಶೀಟು ಹೊದಿಸುವುದು ಈಗ ಹೆಚ್ಚು ಬಳಕೆಯಲ್ಲಿದೆ. ಮೇಲುಕೋಟೆ, ಶ್ರೀರಂಗಪಟ್ಟಣದಂತಹ ಊರುಗಳಲ್ಲಿ ಕೋತಿಗಳ ಕಾಟದಿಂದ ಹೆಂಚು ನಿಲ್ಲದೆ ಶೀಟಿಗೆ ಮೊರೆಹೋದವರೂ ಇದ್ದಾರೆ. ಶೀಟು ಅಗ್ಗ, ಹಗುರ, ಬೇಗ ಮುಗಿಯುತ್ತದೆ. ಆದರೆ ಬೇಸಿಗೆಯಲ್ಲಿ ಕೋಣೆ ಕಾಯುತ್ತದೆ, ಮಳೆಯಲ್ಲಿ ಸದ್ದು. ಒಳಮಾಳಿಗೆ ಹಾಕಿಸುವ ಖರ್ಚನ್ನು ಸೇರಿಸಿಯೇ ಹೋಲಿಸಬೇಕು.

ಗಾಳಿಯನ್ನೂ ಮರೆಯುವಂತಿಲ್ಲ. ಮಾನಕ ಸಂಹಿತೆಯಲ್ಲಿ ಮೈಸೂರು ಹಾಗೂ ಬೆಂಗಳೂರಿಗೆ ನಿಗದಿಯಾಗಿರುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಕರಾವಳಿಗೆ ಹೋಲಿಸಿದರೆ ಇದು ಕಡಿಮೆ. ಆದರೂ ಮುಂಗಾರು ಪೂರ್ವದ ಬಿರುಗಾಳಿಗೆ ಶೀಟು ಹಾರುವುದು ವರ್ಷವೂ ನಡೆಯುವ ಸಂಗತಿ. ಹಗುರವಾದ ಚಾವಣಿಯನ್ನು ಗಾಳಿ ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ. ಚೌಕಟ್ಟನ್ನು ಗೋಡೆಯೊಳಗೆ ಬೋಲ್ಟಿನಿಂದ ಬಿಗಿಯದೆ, ಮೇಲೆ ಕಲ್ಲು ಹೇರಿ ನಿಲ್ಲಿಸುವುದು ಉಳಿತಾಯವಲ್ಲ. ಹಾರಿಬಂದ ಕಲ್ಲು, ಶೀಟು ಎರಡೂ ಕೆಳಗಿರುವವರಿಗೆ ಅಪಾಯ.

ಜಲ್ಲಿ, ಮರಳು, ಸಾಗಣೆ

ಒಂದೇ ಜಿಲ್ಲೆಯೊಳಗೆ ಇದ್ದರೂ ನಾಲ್ಕು ತಾಲ್ಲೂಕುಗಳಲ್ಲಿ ಸಾಮಗ್ರಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಬೆಲೆ ಬೇರೆಯಾಗುತ್ತದೆ. ಶ್ರೀರಂಗಪಟ್ಟಣ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿದ್ದು, ಮೈಸೂರಿನ ಸಗಟು ಮಳಿಗೆಗಳು ಹತ್ತಿರದಲ್ಲಿವೆ. ಪಾಂಡವಪುರಕ್ಕೂ ಈ ಅನುಕೂಲವಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿರುವುದರಿಂದ ಕರಾವಳಿಯಿಂದ ಬರುವ ಹೆಂಚಿನ ಲಾರಿಗೆ ಆ ಭಾಗ ಸಲೀಸು. ಕೆ.ಆರ್. ಪೇಟೆಯ ಒಳಹಳ್ಳಿಗಳಿಗೆ ಲಾರಿಯಿಂದ ಇಳಿಸಿ ಟ್ರ್ಯಾಕ್ಟರ್‌ಗೆ ತುಂಬಿಸಬೇಕಾಗಿ ಬಂದರೆ ಏರಿಸುವ ಇಳಿಸುವ ಕೂಲಿ ಎರಡು ಬಾರಿ ಬೀಳುತ್ತದೆ. ಹೆಂಚಾದರೆ ಒಡೆಯುವ ಪ್ರಮಾಣವೂ ಹೆಚ್ಚು.

ಜಲ್ಲಿ ಮತ್ತು ಎಂ–ಸ್ಯಾಂಡ್ ಬೆಲೆಗೆ ಕ್ವಾರಿಯ ದೂರವೇ ಆಧಾರ. ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲಿನ ಕಲ್ಲು ಗಣಿಗಾರಿಕೆಯಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಧಕ್ಕೆಯಾಗುವ ಆತಂಕ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. 2024ರ ಜನವರಿಯಲ್ಲಿ ಹೈಕೋರ್ಟ್, ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಅನ್ವಯ ಅಧ್ಯಯನ ಪೂರ್ಣಗೊಳ್ಳುವವರೆಗೆ ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿರ್ಬಂಧಿಸಿ ಆದೇಶಿಸಿತ್ತು. ಅಣೆಕಟ್ಟೆಯ ಸುರಕ್ಷತೆಯ ಮುಂದೆ ಜಲ್ಲಿಯ ಬೆಲೆ ದೊಡ್ಡದಲ್ಲ. ಆದರೆ ಹತ್ತಿರದ ಕ್ವಾರಿ ನಿಂತಾಗ ದೂರದಿಂದ ತರಿಸುವ ಬಾಡಿಗೆ ಮನೆ ಕಟ್ಟುವವರ ಲೆಕ್ಕಕ್ಕೇ ಬರುತ್ತದೆ ಎಂಬುದು ವಾಸ್ತವ.

ಬೀದಿಯ ಅಗಲವೂ ವೆಚ್ಚದ ಭಾಗವೇ. ಲಾರಿ, ಕಾಂಕ್ರೀಟ್ ಯಂತ್ರ ಮನೆಯ ಮುಂದೆ ನಿಲ್ಲಲು ಸ್ಥಳವಿದ್ದರೆ ಒಂದೇ ದಿನದಲ್ಲಿ ಮೋಲ್ಡ್ ಮುಗಿಯುತ್ತದೆ. ಓಣಿಯ ಮನೆಯಾದರೆ ಜಲ್ಲಿ, ಮರಳನ್ನು ಬೀದಿ ತುದಿಯಿಂದ ತಲೆಹೊರೆಯಲ್ಲಿ ಸಾಗಿಸಬೇಕು.

ಕೂಲಿ ಮತ್ತು ಕಾಲ

ಸಂಕ್ರಾಂತಿ ಕಳೆದ ಮೇಲೆ ಯುಗಾದಿಯವರೆಗೆ ಚಾವಣಿ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಯ ಭಯವಿಲ್ಲ, ಸುಗ್ಗಿ ಮುಗಿದು ಕೈಯಲ್ಲಿ ಹಣವಿರುತ್ತದೆ. ಎಲ್ಲರೂ ಅದೇ ಕಾಲವನ್ನು ಆರಿಸಿಕೊಳ್ಳುವುದರಿಂದ ಮೇಸ್ತ್ರಿಗಳು ಸಿಗುವುದು ಕಷ್ಟ, ಕೂಲಿಯೂ ಬಿಗಿ. ಆಷಾಢ, ಧನುರ್ಮಾಸಗಳಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ನಾಟಿ ಮತ್ತು ಕಟಾವಿನ ದಿನಗಳಲ್ಲಿ ನೀರಾವರಿ ಹಳ್ಳಿಗಳಲ್ಲಿ ಸಹಾಯಕ ಕೆಲಸಗಾರರು ಗದ್ದೆಯತ್ತ ಹೋಗುತ್ತಾರೆ. ಮಳೆಗೆ ಮುನ್ನ ಮುಗಿಸಲೇಬೇಕೆಂದು ಮೇ ತಿಂಗಳಲ್ಲಿ ಓಡಾಡುವವರು ಕೇಳಿದಷ್ಟು ಕೊಡಬೇಕಾಗುತ್ತದೆ. ಹಿಂದಿನ ದೀಪಾವಳಿಯ ಹೊತ್ತಿಗೇ ಮಾತುಕತೆ ಮುಗಿಸಿದವರಿಗೆ ಚೌಕಾಸಿಗೆ ಅವಕಾಶ ಹೆಚ್ಚು.

ಕಾಲದ ಇನ್ನೊಂದು ಲೆಕ್ಕ ಸೆಂಟ್ರಿಂಗ್‌ಗೆ ಸಂಬಂಧಿಸಿದ್ದು. ಮಾನಕ ಸಂಹಿತೆಯಂತೆ ನಾಲ್ಕೂವರೆ ಮೀಟರ್‌ವರೆಗಿನ ಅಗಲದ ಚಾವಣಿಗೆ ಆಸರೆ ಕಂಬಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ಮಿಶ್ರ ಸಿಮೆಂಟ್ ಬಳಸಿದರೆ ಇನ್ನೂ ಕೆಲವು ದಿನ ಹೆಚ್ಚು ಬೇಕು. ಸೆಂಟ್ರಿಂಗ್ ಬಾಡಿಗೆ ಉಳಿಸಲೆಂದು ಬೇಗ ಬಿಚ್ಚಿದರೆ ಚಾವಣಿ ಬಾಗುತ್ತದೆ, ಬಿರುಕು ಬಿಡುತ್ತದೆ. ಒಂದೆರಡು ವಾರ ನೀರು ಕಟ್ಟಿ ನಿಲ್ಲಿಸುವುದಕ್ಕೂ ನೀರಿನ ವ್ಯವಸ್ಥೆ ಬೇಕು. ಕೊಳವೆಬಾವಿಯನ್ನೇ ನಂಬಿದ ನಾಗಮಂಗಲದ ಮಳೆಯಾಶ್ರಿತ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಸೇರಬಹುದು. ಅಷ್ಟು ದಿನ ಮನೆಯ ಹಿರಿಯರು ಎಲ್ಲಿರಬೇಕು, ದನಕರುಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನೂ ಮೊದಲೇ ಯೋಚಿಸಬೇಕು.

ಶ್ರೀರಂಗಪಟ್ಟಣದಲ್ಲಿ ಅನುಮತಿಯೇ ಮೊದಲು

ಶ್ರೀರಂಗಪಟ್ಟಣದ ಕೋಟೆಯೊಳಗಿನ ನಿವಾಸಿಗಳಿಗೆ ಬೇರೆಡೆ ಇಲ್ಲದ ಒಂದು ತೊಡಕಿದೆ. ರಂಗನಾಥಸ್ವಾಮಿ ದೇವಾಲಯ, ಜಾಮಿಯಾ ಮಸೀದಿ, ಬೈಲಿ ಬಂದೀಖಾನೆ, ದರಿಯಾ ದೌಲತ್, ಗುಂಬಜ್ ಮುಂತಾದವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೂ ಕೆಡವಿ ಮರಳಿ ಕಟ್ಟುವುದಕ್ಕೂ ಅವಕಾಶವಿಲ್ಲ. 1992ರ ಜೂನ್ 16ಕ್ಕೆ ಮುಂಚೆ ಇದ್ದ ಅಥವಾ ಆನಂತರ ಅನುಮತಿ ಪಡೆದು ಕಟ್ಟಿದ ಮನೆಗಳ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಅನುಮತಿ ದೊರೆಯುತ್ತದೆ.

ಇಲ್ಲಿ ಪದಗಳ ವ್ಯತ್ಯಾಸವೇ ನಿರ್ಣಾಯಕ. ಹೆಂಚು, ಜಂತೆ ಬದಲಿಸಿ ಅದೇ ಸೂರನ್ನು ನಿಲ್ಲಿಸುವುದು ದುರಸ್ತಿ. ಗೋಡೆ ಕೆಡವಿ, ಕಂಬ ಎಬ್ಬಿಸಿ ಮೋಲ್ಡ್ ಹಾಕುವುದು ಪುನರ್‌ನಿರ್ಮಾಣವೆನಿಸಬಹುದು. ಹಳೆಯ ಸೂರು ಇಳಿಸಿ ನಂತರ ಅನುಮತಿಗೆ ಓಡಾಡಿದರೆ, ಅನುಮತಿ ಬಾರದೆ ಸೂರೂ ಇಲ್ಲದೆ ಕುಳಿತುಕೊಳ್ಳುವ ಸ್ಥಿತಿ ಒದಗುತ್ತದೆ. ಕಾಯ್ದೆ ಉಲ್ಲಂಘನೆಗೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಕಾಯ್ದೆಯಲ್ಲಿ ಹೇಳಿರುವ ಹಂತಗಳ ಗಡುವನ್ನು ಕೂಡಿಸಿದರೇ ಮೂರೂವರೆ ತಿಂಗಳಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ಕೆಲಸ ಮಾಡಬೇಕೆಂದಿರುವವರು ಮಳೆಗಾಲ ಮುಗಿಯುವ ಹೊತ್ತಿಗೇ ಅರ್ಜಿ ಹಾಕಬೇಕು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ದೇವಾಲಯ, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಪಂಚಕೂಟ ಬಸದಿಯ ಸುತ್ತಲಿನ ಮನೆಗಳಿಗೂ ಇದೇ ನಿಯಮ ಅನ್ವಯ.

ಖಾತೆ, ಪಾಲು, ಸಾಲ

ಪಿತ್ರಾರ್ಜಿತ ಮನೆಯ ಖಾತೆ ತೀರಿಹೋದ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಇರುವುದು ಸಾಮಾನ್ಯ. ಗ್ರಾಮ ಪಂಚಾಯಿತಿಯ ಇ–ಸ್ವತ್ತು ದಾಖಲೆ ಅಥವಾ ಪುರಸಭೆಯ ಇ–ಖಾತೆ ಸರಿಯಿಲ್ಲದಿದ್ದರೆ ಬ್ಯಾಂಕುಗಳು ಗೃಹ ದುರಸ್ತಿ ಸಾಲ ಕೊಡಲು ಹಿಂಜರಿಯುತ್ತವೆ. ಆಗ ಹೆಚ್ಚು ಬಡ್ಡಿಯ ವೈಯಕ್ತಿಕ ಸಾಲ, ಚಿನ್ನದ ಸಾಲಗಳೇ ಗತಿ. ಹೀಗೆ ತೆರುವ ಹೆಚ್ಚುವರಿ ಬಡ್ಡಿಯೂ ಚಾವಣಿಯ ವೆಚ್ಚವೇ. ಒಬ್ಬ ಮಗ ಹಣ ಹಾಕಿ ಸೂರು ಹಾಕಿಸಿ, ನಂತರ ಪಾಲಿನ ಸಮಯದಲ್ಲಿ ವಿವಾದವಾಗುವುದನ್ನು ತಪ್ಪಿಸಲು ಯಾರು ಎಷ್ಟು ಕೊಟ್ಟರು ಎಂಬುದನ್ನು ಮೊದಲೇ ಬರೆದಿಡುವುದು ಮೇಲು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿರುವುದರಿಂದ ಅಕ್ಕತಂಗಿಯರನ್ನು ಕೇಳದೆ ತೀರ್ಮಾನ ಕೈಗೊಳ್ಳುವುದು ಸಲ್ಲ.

ಮಳೆಯಿಂದ ಮನೆ ಹಾನಿಯಾದಾಗ ದೊರೆಯುವ ಪರಿಹಾರದ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. 2022–23ರಿಂದ 2025–26ರ ಅವಧಿಗೆ ಕೇಂದ್ರ ಸರ್ಕಾರ ವಿಪತ್ತು ಪರಿಹಾರ ನಿಧಿಯಡಿ ನಿಗದಿಪಡಿಸಿದ ಮಾನದಂಡದಲ್ಲಿ, ಬಯಲು ಪ್ರದೇಶದ ಮನೆ ಪೂರ್ಣ ಹಾನಿಯಾದರೆ 1.20 ಲಕ್ಷ ರೂಪಾಯಿ ಎಂದಿತ್ತು. ಕನಿಷ್ಠ ಶೇ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಚಾವಣಿಯ ಒಂದು ಮೂಲೆ ಬಿದ್ದ ಮನೆ ಬರುವುದು ಈ ಎರಡನೆಯ ವರ್ಗಕ್ಕೆ. ಆದರೂ ಹಾನಿಯಾದ ಕೂಡಲೇ ಛಾಯಾಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು. ಸ್ಥಳ ಪರಿಶೀಲನೆಗೆ ಮುನ್ನ ಪೂರ್ತಿ ಕೆಡವಿದರೆ ಆ ಮೊತ್ತವೂ ಕೈತಪ್ಪಬಹುದು. ಕಚ್ಚಾ ಮನೆಯಲ್ಲಿರುವ ಅರ್ಹ ಗ್ರಾಮೀಣ ಕುಟುಂಬಗಳಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಾದಿಯೂ ಇದೆ.

ಬದಲಿಸಲೇಬೇಕೇ?

ಸೋರುವ ಚಾವಣಿಯೆಲ್ಲ ಬದಲಿಸಬೇಕಾದ ಚಾವಣಿಯಲ್ಲ. ಹೆಂಚಿನ ಮನೆಯಲ್ಲಿ ಒಡೆದ ಹತ್ತಿಪ್ಪತ್ತು ಹೆಂಚು, ಮೂಲೆಯ ತಗಡು ಬದಲಿಸಿದರೆ ಸೋರಿಕೆ ನಿಲ್ಲುವುದುಂಟು. ಆರ್‌ಸಿಸಿಯಲ್ಲಿ ತೇವದ ಕಲೆ ಮಾತ್ರ ಇದ್ದರೆ ಜಲನಿರೋಧಕ ಲೇಪನ, ನೀರು ಹರಿಯುವ ಇಳಿಜಾರು ಸರಿಪಡಿಸುವುದು ಸಾಕಾಗಬಹುದು. ಆದರೆ ಗಿಲಾವು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಮೇಲೆ ಬಳಿಯುವ ಲೇಪನದಿಂದ ಪ್ರಯೋಜನವಿಲ್ಲ. ಅಂತಹ ಚಾವಣಿಯ ಮೇಲೆ ಶೀಟು ಹಾಕಿಸಿ ಮಳೆ ತಡೆದರೂ ಕೆಳಗಿನ ಕಾಂಕ್ರೀಟಿನ ಬಲ ಹಿಂದಿರುಗದು. ತೊಲೆ ಬಾಗಿದ್ದರೆ, ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರುಕಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ ಆ ಕೋಣೆಯಲ್ಲಿ ಮಲಗುವುದನ್ನು ಅಂದೇ ನಿಲ್ಲಿಸಬೇಕು. ಹಣ ಹೊಂದಿಕೆಯಾಗುವವರೆಗೆ ಕಾಯುವ ಪ್ರಶ್ನೆ ಇಲ್ಲಿ ಬರುವುದಿಲ್ಲ.

ಅಂದಾಜು ಪಟ್ಟಿಯಲ್ಲಿ ಇರಬೇಕಾದದ್ದು

ಕನಿಷ್ಠ ಇಬ್ಬರಿಂದ ಲಿಖಿತ ಅಂದಾಜು ಪಡೆಯುವುದು ಕ್ಷೇಮ. ಅಳತೆ ನೆಲದ್ದೋ ಹೊದಿಕೆಯದ್ದೋ, ದರ ಕೂಲಿಗೆ ಮಾತ್ರವೋ ಸಾಮಗ್ರಿ ಸೇರಿಯೋ ಎಂಬುದು ಅದರಲ್ಲಿರಬೇಕು. ಹಳೆಯ ಚಾವಣಿ ಇಳಿಸುವುದು, ಮಣ್ಣು ಸಾಗಿಸುವುದು ಯಾರ ಹೊಣೆ, ಹಳೆಯ ಮರ, ಹೆಂಚು, ಚಪ್ಪಡಿ ಯಾರಿಗೆ ಎಂದು ಬರೆದಿರಬೇಕು. ಚಾವಣಿಯ ದಪ್ಪ, ಕಂಬಿಯ ಗಾತ್ರ ಮತ್ತು ಅಂತರ ಅಥವಾ ಶೀಟಿನ ದಪ್ಪ, ಸೆಂಟ್ರಿಂಗ್ ನಿಲ್ಲಿಸುವ ದಿನಗಳು, ಜಲನಿರೋಧಕ ಲೇಪನ ಸೇರಿದೆಯೇ ಇಲ್ಲವೇ ಎಂಬುದೂ ಸ್ಪಷ್ಟವಿರಬೇಕು. ಹಣವನ್ನು ಒಟ್ಟಿಗೆ ಕೊಡದೆ ಹಂತ ಹಂತವಾಗಿ ಕೊಡಬೇಕು. ಕೊನೆಯ ಕಂತನ್ನು ಒಂದು ಮಳೆ ಬಿದ್ದು ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಕೊಡುವ ಒಪ್ಪಂದ ಮಾಡಿಕೊಳ್ಳುವವರೂ ಇದ್ದಾರೆ.

ಚಾವಣಿಯ ವೆಚ್ಚವೆಂದರೆ ಹೆಂಚಿನ ಅಥವಾ ಸಿಮೆಂಟಿನ ಬೆಲೆಯಷ್ಟೇ ಅಲ್ಲ. ಗೋಡೆಯ ಬಲ, ಬೀದಿಯ ಅಗಲ, ಕ್ವಾರಿಯ ದೂರ, ಕಾಗದಪತ್ರ, ಕಾಲ ಇವೆಲ್ಲವೂ ಅದರಲ್ಲಿ ಸೇರಿವೆ. ಇವುಗಳಲ್ಲಿ ಮಾರುಕಟ್ಟೆಯ ಬೆಲೆ ಮಾಲೀಕರ ಕೈಯಲ್ಲಿಲ್ಲ. ಗೋಡೆ ಪರೀಕ್ಷಿಸುವುದು, ಅನುಮತಿ ಪಡೆಯುವುದು, ಸಕಾಲದಲ್ಲಿ ಕೆಲಸ ಆರಂಭಿಸುವುದು ಅವರ ಕೈಯಲ್ಲಿಯೇ ಇದೆ. ಆ ಸೂರಿನ ಕೆಳಗೆ ಇಂದು ರಾತ್ರಿ ಮಲಗುವವರು ಯಾರು ಎಂಬುದನ್ನು ನೆನೆದು ಲೆಕ್ಕ ಆರಂಭಿಸಿದರೆ, ಯಾವ ಖರ್ಚು ಮೊದಲು, ಯಾವುದು ನಂತರ ಎಂಬುದನ್ನು ತೀರ್ಮಾನಿಸುವುದು ಕಷ್ಟವಾಗದು.